ಹೆದ್ದಾರಿ ಅಗಲವಾಯಿತು, ಊರಿನ ಹೆಸರು?

ತಲಪಾಡಿಯಿಂದ ಚೆಂಗಳದವರೆಗೆ ಸುಮಾರು 39 ಕಿಲೋಮೀಟರ್ ಉದ್ದಕ್ಕೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥದ ರಸ್ತೆಯಾಗಿದೆ. ನಮ್ಮ ಹಿರಿಯರ ಬಾಯಲ್ಲಿ ಅದು ಇಂದಿಗೂ ಹದಿನೇಳನೆಯ ಹೆದ್ದಾರಿಯೇ. 2010ರಲ್ಲಿ ಸರಕಾರ ಸಂಖ್ಯೆ ಬದಲಾಯಿಸಿದ್ದನ್ನು ಅವರು ಒಪ್ಪಿಕೊಂಡಂತಿಲ್ಲ. ರಸ್ತೆ ಅಗಲವಾದುದು ಒಳ್ಳೆಯದೇ ಆಯಿತು. ರೋಗಿಗಳನ್ನು ಮಂಗಳೂರಿನ ಆಸ್ಪತ್ರೆಗಳಿಗೆ ಒಯ್ಯುವವರು ನಾವು, ಮಕ್ಕಳನ್ನು ಅಲ್ಲಿನ ಕಾಲೇಜುಗಳಿಗೆ ಕಳುಹಿಸುವವರೂ ನಾವು. 2020ರ ಮಾರ್ಚ್‌ನಲ್ಲಿ ಕರ್ನಾಟಕವು ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಈ ರಸ್ತೆ ನಮಗೆ ಎಷ್ಟು ಮುಖ್ಯವೆಂಬುದು ಮತ್ತೊಮ್ಮೆ ಹೇಳಬೇಕಾಗಿಲ್ಲದಷ್ಟು ಸ್ಪಷ್ಟವಾಯಿತು.

ಆದರೆ ಹಳೆಯ ರಸ್ತೆ ಊರುಗಳ ನಡುವಿನಿಂದ ಹೋಗುತ್ತಿತ್ತು, ಹೊಸದು ಊರುಗಳನ್ನು ದಾಟಿಕೊಂಡು ಹೋಗುತ್ತದೆ. ಈ ವ್ಯತ್ಯಾಸವನ್ನು ನಾವು ಗಮನಿಸಬೇಕಾಗಿದೆ. ಮೊದಲು ಬಸ್ಸಿನಲ್ಲಿ ಕುಳಿತವನಿಗೆ ಕುಂಜತ್ತೂರು, ಹೊಸಂಗಡಿ, ಉಪ್ಪಳ, ಬಂದ್ಯೋಡು, ಆರಿಕ್ಕಾಡಿ, ಮೊಗ್ರಾಲ್ ಎಂದು ಊರು ತಿಳಿಯುತ್ತಿದ್ದುದು ಬೋರ್ಡಿನಿಂದಲ್ಲ. ಒಂದು ಆಲದ ಮರ, ಒಂದು ಹೋಟೆಲು, ಒಂದು ಮಸೀದಿಯ ಗೋಪುರ, ಎಲ್ಲಕ್ಕಿಂತ ಹೆಚ್ಚಾಗಿ ಕಂಡಕ್ಟರನ ಕೂಗು, ಇವು ಸಾಕಾಗುತ್ತಿದ್ದವು. ಈಗ ಮರಗಳಿಲ್ಲ. ಎರಡೂ ಕಡೆ ಕಾಂಕ್ರೀಟಿನ ಗೋಡೆ. ಕಾಸರಗೋಡು ಪೇಟೆಯನ್ನೂ ಮೇಲ್ಸೇತುವೆಯ ಮೇಲಿನಿಂದಲೇ ದಾಟಿಬಿಡಬಹುದು. ಊರು ಯಾವುದೆಂದು ಹೇಳಲು ಉಳಿದಿರುವುದು ಬೋರ್ಡು ಒಂದೇ. ಹಾಗಾಗಿ ಬೋರ್ಡಿನಲ್ಲಿ ಯಾವ ಲಿಪಿಯಿದೆ, ಏನು ಬರೆದಿದೆ ಎಂಬುದಕ್ಕೆ ಹಿಂದೆಂದೂ ಇಲ್ಲದ ಮಹತ್ತ್ವ ಬಂದಿದೆ. ಕನ್ನಡವಷ್ಟನ್ನೇ ಓದಬಲ್ಲ ನಮ್ಮ ಮನೆಗಳ ಅಜ್ಜ ಅಜ್ಜಿಯಂದಿರು ಸರ್ವೀಸ್ ರಸ್ತೆಯ ಯಾವ ತಿರುವಿನಲ್ಲಿ ಇಳಿಯಬೇಕೆಂದು ಪಕ್ಕದವರನ್ನು ಕೇಳಬೇಕಾಗಿ ಬರುವುದು ತಮ್ಮದೇ ಊರಿನಲ್ಲಿ!

ಹಲವೆಡೆ ಕನ್ನಡವೇ ಇಲ್ಲ. ಇದ್ದ ಕಡೆಗಳಲ್ಲಿ ಅದು ಕನ್ನಡ ಬಲ್ಲವರು ಬರೆದ ಕನ್ನಡವೋ ಎಂಬ ಸಂಶಯ ಹುಟ್ಟುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ನೋಡಿ ಕನ್ನಡಕ್ಕೆ ಇಳಿಸಿದರೆ ಉಪ್ಪಳ ‘ಉಪ್ಪಲ’ವಾಗುತ್ತದೆ, ಕುಂಬಳೆ ‘ಕುಂಬ್ಲ’ವಾಗುತ್ತದೆ, ಮಂಜೇಶ್ವರ ಬಾಲ ಕಳೆದುಕೊಂಡು ‘ಮಂಜೇಶ್ವರ್’ ಆಗುತ್ತದೆ. ಇಲ್ಲಿ ಒಂದು ತಮಾಷೆಯಿದೆ. ಳಕಾರ ಮಲಯಾಳದಲ್ಲೂ ಇದೆ, ಕನ್ನಡದಲ್ಲೂ ಇದೆ. ಇಲ್ಲದಿರುವುದು ಇಂಗ್ಲಿಷಿನಲ್ಲಿ ಮಾತ್ರ. ನೆರೆಹೊರೆಯ ಎರಡು ಭಾಷೆಗಳ ನಡುವೆ ನಾಲಗೆ ಹೊರಳದ ಮೂರನೆಯವನನ್ನು ದುಭಾಷಿಯಾಗಿ ಕೂರಿಸಿದಂತಾಯಿತು. ತರಗತಿಯಲ್ಲಿ ಊರಿನ ಹೆಸರು ಬರೆಯಿರಿ ಎಂದರೆ ಕುಂಬಳೆಯ ಮಕ್ಕಳೇ ‘ಕುಂಬ್ಲ’ ಎಂದು ಬರೆಯುವುದನ್ನು ನಾವು ನೋಡುತ್ತಿದ್ದೇವೆ. ಅವರಿಗೆ ಕಲಿಸಿದ್ದು ಪಾಠಪುಸ್ತಕವಲ್ಲ, ರಸ್ತೆ.

ಹೆಸರಿನಲ್ಲೇನಿದೆ ಎನ್ನುವವರಿದ್ದಾರೆ. ಹೊಸಂಗಡಿಯಲ್ಲಿ ಹೊಸ ಅಂಗಡಿಯಿದೆ. ಅಡ್ಕತ್ತಬೈಲಿನಲ್ಲಿ ಅಡ್ಕವೂ ಇದೆ, ಬೈಲೂ ಇದೆ. ಆ ನೆಲದ ಮಣ್ಣು ಎಂಥದೆಂದು ತುಳು ಕನ್ನಡ ಬಲ್ಲ ರೈತನಿಗೆ ಹೆಸರೇ ಹೇಳುತ್ತದೆ. ಮಂಜೇಶ್ವರವೆಂದರೆ ಗೋವಿಂದ ಪೈಗಳ ಊರು. 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಬಿರುದಿತ್ತು ಗೌರವಿಸಿದ್ದು ಈ ಹೆದ್ದಾರಿಯ ಬದಿಯ ಊರಿನ ಒಬ್ಬ ವಿದ್ವಾಂಸರನ್ನು. ಕುಂಬಳೆ ಯಕ್ಷಗಾನದ ಪಾರ್ತಿಸುಬ್ಬನ ಊರು. ಹಾಗೆಂದು ಈ ದಾರಿ ಕನ್ನಡಿಗರೊಬ್ಬರದೇ ಎಂದು ನಾವು ಹೇಳುವುದಿಲ್ಲ. ಉಪ್ಪಳದಲ್ಲಿ ಉರ್ದು ಮನೆಮಾತಿನವರಿದ್ದಾರೆ, ಮೊಗ್ರಾಲಿನ ಮಾಪಿಳ್ಳೆ ಹಾಡುಗಳು ಪ್ರಸಿದ್ಧ. ಬೋರ್ಡಿನಲ್ಲಿ ಮಲಯಾಳ ಇರತಕ್ಕದ್ದೇ. ಅದರ ಜತೆಗೆ ಕನ್ನಡದ್ದೂ ಒಂದು ಸಾಲು ಇರಲಿ ಎಂಬುದಷ್ಟೇ ಬೇಡಿಕೆ.

ಇದು ಯಾರ ಮುಂದೆಯೂ ಕೈಯೊಡ್ಡುವ ಮಾತಲ್ಲ. 1956ರ ನವಂಬರ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಕಡತದಲ್ಲೇ ಉಳಿಯಿತು. ಆ ಹಳೆಯ ವ್ಯಾಜ್ಯವನ್ನು ಇಲ್ಲಿ ಎಳೆಯುವುದು ಬೇಡ. ಗಡಿ ಎಲ್ಲಿಯೇ ಇರಲಿ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದೆಂದು 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಬರೆದದ್ದು ಕೇರಳದ ವಿಧಾನಸಭೆಯೇ. 2021ರಲ್ಲಿ ಮಂಜೇಶ್ವರ, ಕುಂಬಳೆ, ನೆಲ್ಲಿಕುಂಜ, ಹೊಸದುರ್ಗ ಮೊದಲಾದ ಹೆಸರುಗಳನ್ನು ಮಲಯಾಳೀಕರಿಸಲಾಗುತ್ತಿದೆ ಎಂಬ ಕೂಗೆದ್ದು ಕರ್ನಾಟಕದ ಮುಖ್ಯಮಂತ್ರಿಗಳವರೆಗೂ ಹೋಯಿತು. ಅಂಥ ಯೋಚನೆಯೇ ಇಲ್ಲವೆಂದು ಕೇರಳ ಸರಕಾರ ಸ್ಪಷ್ಟಪಡಿಸಿತು. ಆ ಮಾತನ್ನು ನಂಬೋಣ. ಆದರೆ ಹೆಸರು ಬದಲಾಗಲು ಸರಕಾರದ ಆದೇಶ ಬೇಕೆಂದೇನೂ ಇಲ್ಲ. ಬೋರ್ಡು ಬರೆಯುವವನ ಅಸಡ್ಡೆ ಸಾಕು. ಹತ್ತು ವರ್ಷ ಅದು ಅಲ್ಲೇ ನಿಂತರೆ ಮುಂದಿನವರು ಅದನ್ನೇ ಸರಿಯೆನ್ನುತ್ತಾರೆ.

ಸರ್ವೀಸ್ ರಸ್ತೆಯ ಬದಿಗೆ ಹೊಸ ಕಟ್ಟಡಗಳನ್ನೆಬ್ಬಿಸಿದ ನಮ್ಮ ಕನ್ನಡ ವರ್ತಕರೂ ತಮ್ಮ ಅಂಗಡಿಯ ಹಣೆಯನ್ನೊಮ್ಮೆ ನೋಡಿಕೊಳ್ಳಲಿ. ಮಗಳ ಮದುವೆಗೆ ಕನ್ನಡದಲ್ಲಿ ಕರೆಯೋಲೆ ಅಚ್ಚುಹಾಕಿಸಿ ಅಂಗಡಿಗೆ ಇಂಗ್ಲಿಷ್ ಬೋರ್ಡು ತೂಗಿಸಿದವರು ಹೆದ್ದಾರಿಯವರನ್ನು ಯಾವ ಬಾಯಲ್ಲಿ ಕೇಳುವುದು?

1956ಕ್ಕೆ ಹಿಂದಿನ ಭೂಮಿಯ ದಸ್ತಾವೇಜುಗಳು ನಮ್ಮ ಅನೇಕ ಮನೆಗಳ ಪೆಟ್ಟಿಗೆಗಳಲ್ಲಿವೆ, ಕನ್ನಡದಲ್ಲೇ ಇವೆ. ಊರಿನ ಹೆಸರು ಅವುಗಳಲ್ಲಿ ಹೇಗಿದೆಯೋ ಹಾಗೆಯೇ ಪಟ್ಟಿಮಾಡಿ ಮಂಜೇಶ್ವರ, ಮಂಗಲ್ಪಾಡಿ, ಕುಂಬಳೆ, ಮೊಗ್ರಾಲ್ ಪುತ್ತೂರು ಪಂಚಾಯತುಗಳಿಗೂ ಕಾಸರಗೋಡು ನಗರಸಭೆಗೂ ಕೊಡಬಹುದು. ಅವು ನಿರ್ಣಯ ಅಂಗೀಕರಿಸಿ ಹೆದ್ದಾರಿ ಪ್ರಾಧಿಕಾರಕ್ಕೆ ಕಳುಹಿಸಲಿ. ಬೋರ್ಡಿಗೆ ಬಣ್ಣ ಹಚ್ಚುವ ಮೊದಲು ಊರಿನ ಕನ್ನಡ ಬಲ್ಲ ಒಬ್ಬರಿಗೆ ತೋರಿಸಬೇಕೆಂಬ ಸಾಲನ್ನೂ ಅದರಲ್ಲಿ ಸೇರಿಸಲಿ. ಅಹವಾಲನ್ನು ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಆದುದರಿಂದ ಅರ್ಜಿಯನ್ನು ಕನ್ನಡದಲ್ಲೇ ಬರೆಯೋಣ.