ಬಾಣಸಿಗನೂ ಪುರೋಹಿತನೂ

ಪುತ್ತೂರು, ಸುಳ್ಯ, ಕಡಬಗಳ ಕಡೆ ಮದುವೆಯ ಮನೆಗೆ ಇಬ್ಬರು ಭಟ್ಟರು ಬರುವುದುಂಟು. ಒಬ್ಬರು ಮಂಟಪದಲ್ಲಿ ಮಂತ್ರ ಹೇಳುವವರು. ಇನ್ನೊಬ್ಬರು ಚಪ್ಪರದ ಹಿಂದೆ ಒಲೆ ಹೂಡುವವರು. ಪುರೋಹಿತ ಭಟ್ಟರು, ಅಡಿಗೆ ಭಟ್ಟರು: ಹೆಸರು ಒಂದೇ, ಮರ್ಯಾದೆ ಮಾತ್ರ ಒಂದೇ ಅಲ್ಲ. ಮೊದಲಿನವರಿಗೆ ನಮಸ್ಕಾರ, ಸಾರಿಗೆ ಉಪ್ಪು ಹೆಚ್ಚಾದರೆ ಎರಡನೆಯವರಿಗೆ ಛೀಮಾರಿ. ಈ ಭೇದ ಸಲ್ಲದೆಂಬುದು ನನ್ನ ಅಭಿಪ್ರಾಯ.

ದೂರದರ್ಶನದಲ್ಲಿ ಅಡಿಗೆ ಮಾಡಿ ತೋರಿಸುತ್ತಿದ್ದವನೊಬ್ಬ ಪಾದ್ರಿಯಾದನೆಂದು ಕೇಳಿದರೆ, ಎಷ್ಟು ಮೇಲಕ್ಕೆ ಏರಿದನೆಂದು ಜನ ಬೆರಗಾಗುತ್ತಾರೆ. ನಿಜವಾಗಿ ಅಲ್ಲಿ ಏರುವುದಕ್ಕೆ ಮೆಟ್ಟಿಲೇ ಇಲ್ಲ. ಆಂಗ್ಲಿಕನ್ ಬಳಗಕ್ಕೆ ಸೇರಿದ ಅಮೆರಿಕದ ಎಪಿಸ್ಕೋಪಲ್ ಚರ್ಚಿನ ಪಾದ್ರಿ ರಾಬರ್ಟ್ ಫ್ಯಾರರ್ ಕ್ಯಾಪನ್ 1969ರಲ್ಲಿ ಒಂದು ಅಡಿಗೆಯ ಪುಸ್ತಕವನ್ನು ಪ್ರಕಟಿಸಿದರು. ಒಂದು ಕುರಿಮರಿಯ ತೊಡೆಯಿಂದ ಎಂಟು ಜನರಿಗೆ ನಾಲ್ಕು ಸಲ ಬಡಿಸುವ ಬಗೆಯನ್ನು ವಿವರಿಸುತ್ತಲೇ ಆ ಪುಸ್ತಕ ದೈವಚಿಂತನೆಯಾಗಿಬಿಡುತ್ತದೆ. ಒಂದು ಈರುಳ್ಳಿಯ ಮುಂದೆ ಕುಳಿತು ಅವರು ಸೃಷ್ಟಿಯನ್ನೇ ಧ್ಯಾನಿಸುತ್ತಾರೆ.

ಕನ್ನಡಕ್ಕೆ ಇದು ಹೊಸದಲ್ಲ. ಸುಮಾರು 1025ರಲ್ಲಿಯೇ ಇಮ್ಮಡಿ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಪಾಕಕ್ಕೆ ಸ್ಥಾನ ಕೊಟ್ಟ. 16ನೆಯ ಶತಮಾನದ ಮೊದಲಲ್ಲಿದ್ದ ಜೈನಕವಿ ಮೂರನೆಯ ಮಂಗರಸನಂತೂ ‘ನೇಮಿಜಿನೇಶಸಂಗತಿ’ಯನ್ನು ಬರೆದ ಕೈಯಿಂದಲೇ ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನೂ ರಚಿಸಿದ. ಬದನೆಕಾಯಿಯ ಪಾಕಕ್ಕೆ ಕಾವ್ಯದ ಛಂದಸ್ಸನ್ನು ತೊಡಿಸಲು ಅವನು ನಾಚಲಿಲ್ಲ. ಜಿನಸ್ತುತಿಗೊಂದು ನಾಲಗೆ, ಊಟಕ್ಕೊಂದು ನಾಲಗೆ ಅವನಿಗಿರಲಿಲ್ಲ.

ಮಂತ್ರವು ವಿದ್ಯೆ, ಅಡಿಗೆ ಬರಿಯ ಕೈಕೆಲಸ ಎನ್ನುವವರುಂಟು. ಸಾವಿರ ಎಲೆಗೆ ಅಕ್ಕಿ ಎಷ್ಟು, ತೆಂಗಿನಕಾಯಿ ಎಷ್ಟು ಎಂದು ಚೀಟಿಯ ಹಂಗಿಲ್ಲದೆ ಹೇಳಬಲ್ಲವರ ಜ್ಞಾನವನ್ನು ವಿದ್ಯೆಯೆನ್ನದೆ ಮತ್ತೇನೆನ್ನೋಣ? ಮಂತ್ರವನ್ನು ಕಾಯಲು ಪಾಠಶಾಲೆಗಳುಂಟು, ಗ್ರಂಥಗಳುಂಟು. ಅಡಿಗೆ ಭಟ್ಟರ ವಿದ್ಯೆಗೆ ಅವರ ನೆನಪೊಂದೇ ಗ್ರಂಥ. ಬರೆದಿಡದಿದ್ದರೆ ಅದು ಅವರೊಡನೆಯೇ ಮುಗಿಯುತ್ತದೆ.

ತಂದೆಯ ವೃತ್ತಿಯೇನೆಂದು ಕೇಳಿದರೆ ‘ಅಡಿಗೆ’ ಎನ್ನಲು ತಲೆ ತಗ್ಗಿಸುವ ಹುಡುಗರು ನನ್ನ ತರಗತಿಯಲ್ಲಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೆ: ಈ ರಜೆಯಲ್ಲಿ ತಂದೆಯ ಬಳಿ ಕುಳಿತು ಮೇಲಾರದ, ಮೆಣಸ್ಕಾಯಿಯ ಕ್ರಮವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿರಿ. ಷಟ್ಪದಿ ಬೇಕಾಗಿಲ್ಲ, ಗದ್ಯವೇ ಸಾಕು. ಮಂಗರಸನನ್ನು ಓದಿದ್ದಕ್ಕೆ ಅದಕ್ಕಿಂತ ಒಳ್ಳೆಯ ಫಲ ಬೇರಿಲ್ಲ.