ಓದದೆ ಉಲ್ಲೇಖಿಸುವವರು

ಕೆಮಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಬಡ್ತಿಯ ಕಡತ ತೆರೆದರೆ ಸಮಿತಿಯ ಕಣ್ಣು ಮೊದಲು ಹೋಗುವುದು ಮೂರು ಅಂಕಿಗಳ ಮೇಲೆ: ಪ್ರಬಂಧ ಎಷ್ಟು, ಉಲ್ಲೇಖ ಎಷ್ಟು, ಎಚ್-ಇಂಡೆಕ್ಸ್ ಎಷ್ಟು. ಆ ಪ್ರಬಂಧಗಳಲ್ಲಿ ಒಂದನ್ನಾದರೂ ಪೂರ್ತಿ ಓದಿಕೊಂಡು ಬಂದವರು ಮೇಜಿನ ಸುತ್ತ ಸಾಮಾನ್ಯವಾಗಿ ಇರುವುದಿಲ್ಲ. ಇದನ್ನು ವಸ್ತುನಿಷ್ಠ ಮೌಲ್ಯಮಾಪನ ಎಂದು ಕರೆದುಕೊಳ್ಳುತ್ತೇವೆ. ಇದು ಸೋಮಾರಿತನ.

ಎಚ್-ಇಂಡೆಕ್ಸ್ ಅನ್ನು 2005ರಲ್ಲಿ ಕೊಟ್ಟವರು ಭೌತವಿಜ್ಞಾನಿ ಹೋರ್ಹೆ ಹಿರ್ಶ್. ತಲಾ 20 ಸಲವಾದರೂ ಉಲ್ಲೇಖಗೊಂಡ 20 ಪ್ರಬಂಧಗಳಿದ್ದರೆ ಸೂಚ್ಯಂಕ 20, ಅಷ್ಟೇ. ಮೆಚ್ಚಿ ಉಲ್ಲೇಖಿಸಿದರೋ, ತಪ್ಪು ತೋರಿಸಲು ಉಲ್ಲೇಖಿಸಿದರೋ, ಗೆಳೆಯರು ಕೊಡು-ಕೊಳ್ಳುವ ಲೆಕ್ಕದಲ್ಲಿ ಸೇರಿಸಿದರೋ ಎಂಬುದು ಆ ಸಂಖ್ಯೆಗೆ ತಿಳಿಯದು. ನಮಗೆ ತಿಳಿಯಬೇಕಿತ್ತು.

ಈ ಎಣಿಕೆ ನಮ್ಮ ಪ್ರಯೋಗಾಲಯಗಳನ್ನು ಏನು ಮಾಡಿದೆ ನೋಡಿ. ತೆಂಗಿನ ಚಿಪ್ಪು, ಬೇವಿನ ಎಲೆ, ಭತ್ತದ ಹೊಟ್ಟು, ಕಿತ್ತಳೆ ಸಿಪ್ಪೆ, ಯಾವುದಾದರೂ ಸರಿ. ಒಣಗಿಸಿ, ಪುಡಿ ಮಾಡಿ, ಮೆಥಿಲೀನ್ ಬ್ಲೂ ಬಣ್ಣ ಕರಗಿಸಿದ ಶುದ್ಧ ನೀರಿಗೆ ಹಾಕಿ ಕಲಕುತ್ತಾರೆ. ಪುಡಿ ಎಷ್ಟು ಬಣ್ಣ ಹೀರಿತು ಎಂಬ ಅಂಕಿಗಳನ್ನು ಲ್ಯಾಂಗ್‌ಮ್ಯೂರ್, ಫ್ರಾಯಿಂಡ್‌ಲಿಕ್ ಸಮೀಕರಣಗಳಿಗೆ ಹೊಂದಿಸುತ್ತಾರೆ. ಕೊನೆಗೆ ಹೀರಿಕೆಯ ವೇಗಕ್ಕೆ ಸೂಡೊ-ಸೆಕೆಂಡ್-ಆರ್ಡರ್ ಸಮೀಕರಣವೇ ಚೆನ್ನಾಗಿ ಹೊಂದಿತು ಎಂದು ಬರೆಯುತ್ತಾರೆ. ಹೊಂದದೆ ಏನು ಮಾಡೀತು? ಕಾಲವನ್ನು ಹೀರಿಕೆಯ ಪ್ರಮಾಣದಿಂದ ಭಾಗಿಸಿ, ಅದನ್ನು ಮತ್ತೆ ಕಾಲದ ಎದುರಿಗೇ ಗುರುತಿಸುತ್ತಾರೆ. ಹೀರಿಕೆ ಸಮತೋಲನಕ್ಕೆ ಬಂದು ನಿಂತ ಮೇಲೆ ಆ ಗೆರೆ ನೆಟ್ಟಗಾಗಲೇಬೇಕು; ಎರಡೂ ಅಕ್ಷಗಳಲ್ಲಿ ಇರುವುದು ಅದೇ ಗಡಿಯಾರ. ಹೊಂದಾಣಿಕೆಯ ಅಂಕ 0.99 ಬಂದದ್ದನ್ನು ನೋಡಿ ಇಲ್ಲಿ ರಾಸಾಯನಿಕ ಬಂಧ ಏರ್ಪಟ್ಟಿದೆ ಎಂದು ತೀರ್ಮಾನಿಸುವುದು ತಪ್ಪು. ವಿದ್ಯಾರ್ಥಿಗೆ ಇದು ಗೊತ್ತಿಲ್ಲದಿದ್ದರೆ ಕ್ಷಮಿಸಬಹುದು. ಕೊನೆಯ ಲೇಖಕರಾಗಿ ಹೆಸರು ಹಾಕಿಕೊಂಡ ಮಾರ್ಗದರ್ಶಕರನ್ನು ಕ್ಷಮಿಸಲಾಗದು.

ಇದೇ ಪ್ರಬಂಧಗಳ ಕೊನೆಯ ಪುಟದ ಉಲ್ಲೇಖಪಟ್ಟಿಯಲ್ಲಿ ಹೀರಿಕೆಯ ಕುರಿತ ಲಾಗರ್‌ಗ್ರೆನ್ ಅವರ 1898ರ ಲೇಖನವೂ ಇರುತ್ತದೆ. ಸ್ವೀಡನ್ನಿನ ಅಕಾಡೆಮಿಯ ಪತ್ರಿಕೆಯಲ್ಲಿ, ಜರ್ಮನ್ ಭಾಷೆಯಲ್ಲಿ ಬಂದ ಲೇಖನ ಅದು. ಸೂಡೊ-ಸೆಕೆಂಡ್-ಆರ್ಡರ್ ಸಮೀಕರಣವನ್ನು ಬಳಕೆಗೆ ತಂದವರಲ್ಲಿ ಮುಖ್ಯರಾದ ಯುಹ್-ಶಾನ್ ಹೋ ಅವರೇ 2004ರಲ್ಲಿ ಈ ಲೇಖನದ ಉಲ್ಲೇಖಗಳನ್ನು ಪರಿಶೀಲಿಸಿದರು. ಲೇಖಕರ ಹೆಸರು, ಪತ್ರಿಕೆಯ ಹೆಸರು ಬಗೆಬಗೆಯಾಗಿ ಕೆಟ್ಟು, ಆ ತಪ್ಪುಗಳೇ ಒಂದು ಪ್ರಬಂಧದಿಂದ ಇನ್ನೊಂದಕ್ಕೆ ಹರಿದಿದ್ದವು. ಮೂಲವನ್ನು ತೆರೆದು ನೋಡಿದ್ದರೆ ಹೀಗಾಗುತ್ತಿರಲಿಲ್ಲ. ಹೀಗೆ ನಕಲಾದ ಸಾಲುಗಳು ಕೂಡಿ ಆಗುವ ಮೊತ್ತಕ್ಕೆ ನಾವು ಪ್ರಭಾವ ಎನ್ನುತ್ತಿದ್ದೇವೆ.

ಇತ್ತ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇದೆ. ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳಿಂದ ಬಣ್ಣದ ನೀರು ಹೊರಬರುತ್ತದೆ. ಆ ನೀರಿನಲ್ಲಿ ಒಂದೇ ಬಣ್ಣವಿರುವುದಿಲ್ಲ. ಉಪ್ಪು, ಸಾಬೂನು, ಗಂಜಿ ಎಲ್ಲವೂ ಬೆರೆತಿರುತ್ತವೆ. ಬಟ್ಟಿ ಇಳಿಸಿದ ನೀರಿನಲ್ಲಿ ಗೆದ್ದ ಪುಡಿ ಅಲ್ಲಿ ಎಷ್ಟು ದಿನ ಬಾಳುತ್ತದೆ, ಬಣ್ಣ ಹೀರಿ ತುಂಬಿದ ಮೇಲೆ ಅದನ್ನು ಎಲ್ಲಿ ಸುರಿಯಬೇಕು, ಕಿಲೋಗೆ ಎಷ್ಟು ಖರ್ಚು? ಇವನ್ನು ತಿಳಿಯಲು ವರ್ಷಗಳು ಬೇಕು. ಅಷ್ಟು ವರ್ಷಕ್ಕೆ ಸಿಗುವುದು ಒಂದೋ ಎರಡೋ ಪ್ರಬಂಧ. ಆದ್ದರಿಂದ ಕೇಳುವವರು ಕಡಿಮೆ.

ಎಣಿಕೆಯ ಕಣ್ಣಿಗೆ ಬೀಳದ ಪ್ರಭಾವವೂ ಇದೆ. ಪೀಟರ್ ಡ್ಯಾಂಕ್‌ವರ್ಟ್ಸ್ 1953ರಲ್ಲಿ ಒಂದು ಪ್ರಬಂಧ ಬರೆದರು. ಹರಿಯುವ ದ್ರವದ ಒಂದೊಂದು ಭಾಗ ಪಾತ್ರೆಯೊಳಗೆ ಎಷ್ಟೆಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದ ಬರಹ ಅದು. ಇಂದು ರಿಯಾಕ್ಟರ್ ಪಾಠ ಓದುವ ಪ್ರತಿ ವಿದ್ಯಾರ್ಥಿಯೂ ಅದನ್ನು ಕಲಿಯುತ್ತಾನೆ, ಬಹಳ ಸಲ ಅವರ ಹೆಸರನ್ನೂ ಹೇಳದೆ. ಬೆಂಗಳೂರಿನಲ್ಲಿ ಹುಟ್ಟಿದ ಎಲ್. ಕೆ. ದೊರೈಸ್ವಾಮಿ ಅವರು ಎಂ. ಎಂ. ಶರ್ಮ ಅವರೊಡನೆ 1984ರಲ್ಲಿ ಹೊರತಂದ, ರಾಸಾಯನಿಕ ಕ್ರಿಯೆಗಳ ಕುರಿತ ಎರಡು ಸಂಪುಟಗಳ ಗ್ರಂಥದ ಹಿಂದೆಯೂ ದಶಕಗಳ ಕೆಲಸವಿದೆ. ಇಂಥ ಕೆಲಸ ಪಾಠವಾಗಿ ಇಳಿದ ಮೇಲೆ ಬಹಳ ಸಲ ಉಲ್ಲೇಖವಿಲ್ಲದೆಯೇ ಬಳಕೆಯಾಗುತ್ತದೆ. ಎಣಿಕೆಗೆ ಆ ಬಳಕೆ ಸಿಗುವುದಿಲ್ಲ.

ಎಣಿಕೆಗೆ ಸಿಕ್ಕಿದ್ದರಲ್ಲೂ ಎಲ್ಲವೂ ಗಟ್ಟಿಯಲ್ಲ. 2023ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳನ್ನು ಹಿಂಪಡೆಯಲಾಯಿತು. ಹಿಂಪಡೆಯುವ ಹಿಂದಿನ ದಿನದವರೆಗೂ ಅವು ಯಾರದೋ ಕಡತದಲ್ಲಿ ಅಂಕ ತಂದುಕೊಟ್ಟಿದ್ದವು.

ಮುಂದಿನ ಸಮಿತಿಯಲ್ಲಿ ಕೂರಲಿರುವ ಹಿರಿಯರೇ, ಅಭ್ಯರ್ಥಿಯ ಒಂದು ಪ್ರಬಂಧವನ್ನು ಹಿಂದಿನ ರಾತ್ರಿ ಕೊನೆಯ ಪುಟದವರೆಗೆ ಓದಿ. ಅದರ ನಕ್ಷೆಯೊಂದನ್ನು ಮುಂದಿಟ್ಟು ಪ್ರಶ್ನೆ ಕೇಳಿ. ಅಷ್ಟಕ್ಕೆ ಬಿಡುವಿಲ್ಲದಿದ್ದರೆ ಆ ಕುರ್ಚಿಯನ್ನು ಬಿಡುವಿರುವವರಿಗೆ ಬಿಟ್ಟುಕೊಡಿ.