ಚೀಟಿ ಎತ್ತಿಸ್ತೀವಿ ಅಂದಿದ್ದಿರಿ, ಸಾರ್

ಮಾನ್ಯ ನಿರ್ದೇಶಕರೇ,

ಬೇಸಿಗೆ ಶಿಬಿರದ ಉದ್ಘಾಟನೆಯ ಗಡಿಬಿಡಿಯಲ್ಲಿ ತಾವಿದ್ದೀರಿ ಎಂಬುದು ಗೊತ್ತು. ಗೇಟಿನ ಮುಂದೆ ಫ್ಲೆಕ್ಸ್ ಏರಿದೆ, ಶಾಸಕರ ನಗುಮುಖದ ಪಕ್ಕದಲ್ಲೇ ತಮ್ಮದೂ ಇದೆ. ತಮಗೆ ಬರೆದ ಪತ್ರಕ್ಕೆ ಟಪಾಲು ವಿಭಾಗದವರು ಸ್ವೀಕೃತಿ ಮುದ್ರೆ ಒತ್ತಿ ಕೊಟ್ಟರು, ಉತ್ತರ ಬರಲಿಲ್ಲ. ಫೋನ್ ಮಾಡಿದರೆ ತಮ್ಮ ಆಪ್ತ ಸಹಾಯಕರು ಸಿಕ್ಕರು, ತಾವು ಸಿಗಲಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಮಾತನಾಡಿಸಬೇಕಾಗಿ ಬಂದಿದೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಊರಿಗೆ ಗೊತ್ತು, ತಮಗೂ ಗೊತ್ತು.

ಕಳೆದ ವರ್ಷದ ಕಥೆ ಓದುಗರಿಗೆ ಹೊಸದಲ್ಲ. ನಸುಕಿನಲ್ಲೇ ಕ್ಯೂ, ಗೇಟು ತೆಗೆದ ಕೂಡಲೇ ನೂಕುನುಗ್ಗಲು, ಅರ್ಧ ಗಂಟೆಯಲ್ಲಿ ಫಾರಂ ಖಾಲಿ, ಮಾರನೆಯ ದಿನ ಪೇಪರಿನಲ್ಲಿ ಫೋಟೊ, ಅದರ ಮಾರನೆಯ ದಿನ ತಮ್ಮ ಸ್ಪಷ್ಟನೆ. ಅದನ್ನು ಬಿಡೋಣ. ನನಗೆ ಬೇಕಾಗಿರುವುದು ಆ ಶಿಬಿರದ ಸಮಾರೋಪದ ಸಂಜೆ.

ಅಂದು ಮಕ್ಕಳು ಹಳೆ ಪೇಪರನ್ನು ಮೈದಾ ಅಂಟಿನಲ್ಲಿ ನೆನೆಸಿ ತಾವೇ ಮಾಡಿದ್ದ ಮುಖವಾಡ ತೊಟ್ಟು ನಾಟಕ ಆಡಿದರು. ಹುಲಿ ಪಾತ್ರದ ಹುಡುಗನ ಮೀಸೆ ಸೆಕೆಗೆ ಅಂಟು ಬಿಟ್ಟು ಜೋಲುತ್ತಿತ್ತು. ಅವನು ಅದನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಗರ್ಜಿಸಿದ, ಸಭೆ ಬಿದ್ದೂ ಬಿದ್ದೂ ನಕ್ಕಿತು. ಆ ನಗು ಇಳಿಯುವ ಮೊದಲೇ ತಾವು ಮೈಕು ತೆಗೆದುಕೊಂಡಿರಿ. "ಈ ಸಲ ಸೀಟು ಸಿಗದೇ ಇರೋ ತಂದೆತಾಯಿಗಳು ಬೇಜಾರು ಮಾಡ್ಕೋಬೇಡಿ. ಮುಂದಿನ ವರ್ಷ ಎಲ್ಲರ ಅರ್ಜಿನೂ ತಗೋತೀವಿ. ಇದೇ ವೇದಿಕೆ ಮೇಲೆ, ನಿಮ್ಮೆಲ್ಲರ ಎದುರಿಗೆ, ಮಕ್ಕಳ ಕೈಯಲ್ಲೇ ಚೀಟಿ ಎತ್ತಿಸ್ತೀವಿ." ಒಳ್ಳೆಯ ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರು ನಿಂತಿದ್ದರು, ಮಗನನ್ನು ಕಾಂಪೌಂಡ್ ಗೋಡೆಯ ಮೇಲೆ ಹತ್ತಿಸಿ. "ಚೀಟಿ ಅಂದ್ರೆ ನಮ್ಮಂಥೋರಿಗೂ ಒಂದು ಚಾನ್ಸು ಅಲ್ವಾ ಅಮ್ಮ" ಅಂದರು. ಹೌದು ಅಂದೆ.

ಆ ಮುಂದಿನ ವರ್ಷ ಬಂತು. ಮಾರ್ಚ್‌ನಲ್ಲಿ ಒಂದು ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ಗೂಗಲ್ ಫಾರಂನ ಲಿಂಕ್ ಒಂದು ಬಂತಂತೆ. ಬಂದದ್ದು ಹಿಂದಿನ ವರ್ಷ ಶಿಬಿರಕ್ಕೆ ಹೋಗಿದ್ದ ಮಕ್ಕಳ ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿಗೆ. ಬೆಳಗ್ಗೆ ನಾನು ಕಚೇರಿಗೆ ಹೋದಾಗ ಸೂಚನಾ ಫಲಕದಲ್ಲಿ ಎರಡು ಹಾಳೆಗಳಿದ್ದವು. ಒಂದರಲ್ಲಿ "ಅರ್ಜಿ ಆಹ್ವಾನಿಸಲಾಗಿದೆ", ಇನ್ನೊಂದರಲ್ಲಿ "ಪ್ರವೇಶ ಮುಕ್ತಾಯಗೊಂಡಿದೆ". ಎರಡಕ್ಕೂ ಒಂದೇ ದಿನಾಂಕ, ಎರಡರ ಕೆಳಗೂ ತಮ್ಮದೇ ಸಹಿ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರಳಾಗಿ ನಿವೃತ್ತಳಾದವಳು ನಾನು. ಒಂದೇ ಕಡತದಲ್ಲಿ ಒಂದನ್ನೊಂದು ನುಂಗುವ ಆದೇಶಗಳನ್ನು ಬೇಕಾದಷ್ಟು ಕಂಡಿದ್ದೇನೆ. ಅಕ್ಕಪಕ್ಕ ಅಂಟಿಸಿ ಊರಿಗೆ ತೋರಿಸುವ ಧೈರ್ಯವನ್ನು ಮಾತ್ರ ಇಲ್ಲೇ ಕಂಡದ್ದು.

ಕೌಂಟರಿನಲ್ಲಿ ಕೇಳಿದರೆ "ಸಿಸ್ಟಮ್ ಲಾಕ್ ಆಗಿದೆ ಮೇಡಂ" ಎಂದರು. ಚೀಟಿ ಎತ್ತುವ ವಿಷಯ ಏನಾಯಿತು ಅಂದರೆ, ಅಂಥ ಲಿಖಿತ ಆದೇಶ ನಮಗೆ ಬಂದಿಲ್ಲ ಎಂದರು. ಸರಿ, ಬಾಯಿಮಾತು ಕಡತಕ್ಕೆ ಹೋಗಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಎಷ್ಟು ಅರ್ಜಿ ಬಂದವು, ಯಾವ ಯಾವ ಹೊತ್ತಿಗೆ ಬಂದವು, ಶಿಫಾರಸು ಪತ್ರದ ಮೇಲೆ ಸೇರಿದ ಮಕ್ಕಳೆಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆ. (ನಮ್ಮ ರಾಜ್ಯದಲ್ಲಿ ಆ ಅರ್ಜಿ 150 ಪದ ಮೀರಬಾರದು. ನನಗೆ ಅಷ್ಟು ಬೇಕಾಗಲಿಲ್ಲ.) 30 ದಿನದ ಗಡುವಿನ ಕೊನೆಯಲ್ಲಿ ಹಿಂಬರಹ ಬಂತು: "ತಾವು ಕೋರಿರುವ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ." ಗೂಗಲ್ ಫಾರಂನಲ್ಲಿ ಪ್ರತಿ ಅರ್ಜಿಯ ಎದುರಿಗೂ ಅದು ಬಂದ ಗಂಟೆ, ನಿಮಿಷ, ಸೆಕೆಂಡು ತಾನಾಗಿಯೇ ದಾಖಲಾಗುತ್ತದೆ. ಇದು ನನಗೆ ನಾಲ್ಕನೇ ಕ್ಲಾಸಿನ ಮೊಮ್ಮಗಳು ತೋರಿಸಿಕೊಟ್ಟ ವಿದ್ಯೆ. ತಮ್ಮ ಕಚೇರಿಯಲ್ಲಿ ತೋರಿಸುವವರು ಯಾರೂ ಇಲ್ಲವೇ?

ಇಷ್ಟಾದರೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ನಿಮ್ಮ ಆಪ್ತ ಸಹಾಯಕರು ಫೋನಿನಲ್ಲಿ ಆಡಿದ ಮಾತಿದೆಯಲ್ಲ, ಅದು ಇಳಿಯುತ್ತಿಲ್ಲ. "ನಿಮಗೇನು ಮೇಡಂ, ಪ್ರೈವೇಟ್‌ನಲ್ಲಿ ಬೇಕಾದಷ್ಟು ಕ್ಯಾಂಪ್ ಇವೆ. ಸಾಹೇಬರೂ ಅದನ್ನೇ ಹೇಳಿದ್ರು. ಇದೇನು ಐಎಎಸ್ ಸೀಟಾ, ಬರೀ ಸಮ್ಮರ್ ಕ್ಯಾಂಪ್ ತಾನೆ?"

ಬರೀ ಸಮ್ಮರ್ ಕ್ಯಾಂಪ್. ಕೇಳಿ ಹಾಗಾದರೆ. ರಾಜ್ಯದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ, 48 ದಿನ. ಮಗ ಸೊಸೆ ಇಬ್ಬರೂ ಬೆಳಗ್ಗೆ ಎಂಟೂವರೆಗೆ ಮನೆ ಬಿಡುತ್ತಾರೆ, ಅವರ ಆಫೀಸಿಗೆ ಬೇಸಿಗೆ ರಜೆ ಇಲ್ಲ. ಮಗುವನ್ನು ಅಜ್ಜಿ ಮನೆಗೆ ಕಳಿಸೋಣ ಅಂದರೆ ಅಜ್ಜಿ ಇರುವುದೇ ಅದೇ ಮನೆಯಲ್ಲಿ. ಮಾರ್ಚ್ ಬಂತೆಂದರೆ ಮನೆಮನೆಯಲ್ಲೂ ಕ್ಯಾಲೆಂಡರ್ ಕೆಳಗಿಳಿಯುತ್ತದೆ. ಯಾವ ವಾರ ಮದುವೆ, ಯಾವ ವಾರ ಊರ ಜಾತ್ರೆ, ಯಾರಿಗೆ ಎಷ್ಟು ದಿನ ರಜೆ ಮಂಜೂರಾದೀತು, ಉಳಿದ ದಿನ ಮಗು ಎಲ್ಲಿ. ಖಾಸಗಿ ಕ್ಯಾಂಪಿನವರು "ಈ ಶನಿವಾರದೊಳಗೆ ಕಟ್ಟಿದರೆ ರಿಯಾಯಿತಿ" ಎಂದು ದಿನಕ್ಕೊಂದು ಮೆಸೇಜು ಹಾಕುತ್ತಾರೆ. ಸರ್ಕಾರಿ ಶಿಬಿರದಲ್ಲಿ ಚೀಟಿ ಎತ್ತುತ್ತಾರೆ, ನೋಡೋಣ ತಡಿ ಅಂದವಳು ನಾನು. ನೀವು ವೇದಿಕೆ ಮೇಲೆ ಅಂದದ್ದನ್ನು ನಂಬಿ ಅಂದದ್ದು.

ನನ್ನ ಮೊಮ್ಮಗಳ ವಿಷಯಕ್ಕೆ ನಿಮ್ಮ ಸಹಾಯಕರು ಹೇಳಿದ್ದು ನಿಜವೇ. ಎರಡು ವಾರಕ್ಕೆ ಏಳೆಂಟು ಸಾವಿರ ಕಟ್ಟಿದರೆ ಅವಳಿಗೆ ರೊಬಾಟಿಕ್ಸ್, ವೇದಗಣಿತ, ಜುಂಬಾ, ಬೆಂಕಿಯಿಲ್ಲದ ಅಡುಗೆ ಎಲ್ಲವೂ ಸಿಗುತ್ತದೆ, ಎಸಿ ಹಾಲಿನಲ್ಲಿ. ಮಗ ಕಟ್ಟಿಯೂ ಆಯಿತು. ಆದರೆ ಇಬ್ಬರು ಮಕ್ಕಳೂ ಒಟ್ಟಿಗೆ ಹೋಗುವುದೆಂದು ಮಾತಾಗಿತ್ತು, ಇವಳೂ ಆ ಇಸ್ತ್ರಿ ಅಂಗಡಿಯವರ ಹುಡುಗನೂ. ಅವನಿಗೆ ಡೊಳ್ಳು ಬಾರಿಸುವ ಹುಚ್ಚು. ಅಪ್ಪನ ತಳ್ಳುಗಾಡಿಯ ತಗಡಿನ ಮೇಲೆ ಬಾರಿಸಿ ಬಾರಿಸಿ ಬೈಸಿಕೊಳ್ಳುತ್ತಾನೆ. ಅವನಿಗೆ ಪ್ರೈವೇಟ್ ಕ್ಯಾಂಪ್ ಎಲ್ಲಿದೆ, ಸ್ವಲ್ಪ ವಿಳಾಸ ಕೊಡಿ. ಈ ರಜೆಯೆಲ್ಲ ಅವನು ಕೆಂಡದ ಪೆಟ್ಟಿಗೆಯ ಮಗ್ಗುಲಲ್ಲಿ ನಿಂತು ಬಟ್ಟೆಯ ಗಂಟು ಕಟ್ಟುತ್ತಾನೆ, ಬಿಸಿಲಲ್ಲಿ ಮನೆಮನೆಗೆ ಮುಟ್ಟಿಸುತ್ತಾನೆ. ನಡುರಾತ್ರಿಯ ಗ್ರೂಪಿನಲ್ಲಿ ಅವರಪ್ಪನ ನಂಬರ್ ಇರುವುದಿಲ್ಲ. ಇರುವುದಿಲ್ಲ ಎಂದು ಗೊತ್ತಿದ್ದೇ ಲಿಂಕ್ ಅಲ್ಲಿಗೆ ಹಾಕಿದ್ದು ಎಂದು ಊರು ಆಡಿಕೊಳ್ಳುತ್ತಿದೆ. ಅಲ್ಲ ಅನ್ನುವುದಾದರೆ ಅಲ್ಲ ಅನ್ನಿ.

ಚೀಟಿ ಎತ್ತುವುದು ಅಷ್ಟು ದೊಡ್ಡ ಕೆಲಸವೇ? ಶಿಕ್ಷಣ ಹಕ್ಕು ಕಾಯ್ದೆಯ ಶೇ. 25 ಸೀಟುಗಳನ್ನು ಶಿಕ್ಷಣ ಇಲಾಖೆ ಇಡೀ ರಾಜ್ಯಕ್ಕೆ ಲಾಟರಿಯಲ್ಲೇ ಹಂಚುತ್ತದೆ. ರೈಲು ಟಿಕೆಟ್ಟಿಗೂ ಪೈಪೋಟಿ ಕಡಿಮೆಯೇನಲ್ಲ. ಆದರೆ ಬುಕಿಂಗ್ 60 ದಿನ ಮುಂಚೆ, ಬೆಳಗ್ಗೆ 8ಕ್ಕೆ ತೆರೆಯುತ್ತದೆ ಎಂಬುದು ದೇಶಕ್ಕೇ ಗೊತ್ತು. ನೀವು ಹಂಚಬೇಕಿದ್ದದ್ದು ನೂರೈವತ್ತು ಸೀಟು. ಒಂದು ಸ್ಟೀಲ್ ಕೊಡಪಾನ, ಒಂದು ರೀಮ್ ಕಾಗದ, ಒಂದು ಮಧ್ಯಾಹ್ನ. ಕೊಡಪಾನ ಬೇಕಿದ್ದರೆ ನಮ್ಮ ಮನೆಯಿಂದಲೇ ಕಳಿಸುತ್ತಿದ್ದೆ.

ನಿಮ್ಮ ಯಾವ ಭಾಷಣದಲ್ಲೂ ಶಿವರಾಮ ಕಾರಂತರ ಬಾಲವನ ತಪ್ಪುವುದಿಲ್ಲ. 'ಸರಸ್ವತಿ' ಪತ್ರಿಕೆಯ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದ್ದನ್ನೂ ಹೇಳುತ್ತೀರಿ, ಚೆನ್ನಾಗಿಯೇ ಹೇಳುತ್ತೀರಿ. ಅವರಿಬ್ಬರಲ್ಲಿ ಯಾರಾದರೂ ಶಾಸಕರ ಲೆಟರ್‌ಹೆಡ್ ನೋಡಿ ಮಕ್ಕಳನ್ನು ಒಳಗೆ ಬಿಟ್ಟರು ಎಂದು ಎಲ್ಲಾದರೂ ಓದಿದ್ದೀರಾ? ಹಾಗಿದ್ದರೆ ಇನ್ನು ಮೇಲೆ ಭಾಷಣದಲ್ಲಿ ಅದನ್ನೂ ಸೇರಿಸಿ.

ಇದು ನಿಮ್ಮೊಬ್ಬರ ಮಾತೂ ಅಲ್ಲ. ಇಷ್ಟು ದೊಡ್ಡ ಊರಿಗೆ ಮಕ್ಕಳ ಸರ್ಕಾರಿ ಶಿಬಿರ ಒಂದೇ ಯಾಕೆ? ಗ್ರಾಮ ಪಂಚಾಯ್ತಿಗಳ ಅರಿವು ಕೇಂದ್ರಗಳಲ್ಲಿ ಈಚಿನ ವರ್ಷಗಳಲ್ಲಿ ಬೇಸಿಗೆ ಶಿಬಿರಗಳು ನಡೆದಿವೆ, ಹಳ್ಳಿಯ ಮಕ್ಕಳು ಕಥೆ ಓದಿ, ಚಿತ್ರ ಬಿಡಿಸಿ, ಚೆಸ್ ಆಡಿದ್ದಾರೆ. ಪೇಟೆಯಲ್ಲಿ ನಾವು ಆಸ್ತಿ ತೆರಿಗೆಯ ಜೊತೆಗೆ ಶೇ. 6 ಗ್ರಂಥಾಲಯ ಕರ ಕಟ್ಟುತ್ತೇವೆ, 1965ರ ಕಾಯ್ದೆಯ ಕಾಲದ ಕರ. ನಮ್ಮ ವಾರ್ಡಿನ ಗ್ರಂಥಾಲಯದಲ್ಲಿ ಮಕ್ಕಳ ಕಪಾಟಿಗೆ ಬೀಗ, ಕೀ ಇರುವವರು ರಜೆಯಲ್ಲಿ. ಎದುರಿನ ಆಟದ ಮೈದಾನದಲ್ಲಿ ಏಪ್ರಿಲ್ ಮೇ ಎರಡೂ ತಿಂಗಳು ವಸ್ತುಪ್ರದರ್ಶನ, ಜೈಂಟ್ ವ್ಹೀಲು, ಒಬ್ಬರಿಗೆ ಇಷ್ಟು ಎಂದು ಟಿಕೆಟ್ಟು. ಈಜುಕೊಳ ದುರಸ್ತಿಯಲ್ಲಿದೆ. ಅದು ದುರಸ್ತಿಗೆ ಬೀಳುವುದು ಬೇಸಿಗೆಯಲ್ಲೇ, ಮಳೆಗಾಲಕ್ಕೆ ಸರಿಹೋಗುತ್ತದೆ. ಮಕ್ಕಳು ಮೊಬೈಲ್ ಬಿಡುವುದಿಲ್ಲ ಎಂದು ವೇದಿಕೆಯಲ್ಲಿ ನಿಟ್ಟುಸಿರು ಬಿಡುವವರೆಲ್ಲ ಇದಕ್ಕೆ ಸಹಿ ಹಾಕಿದವರೇ.

ಆದರೆ ಆ ದೊಡ್ಡ ಲೆಕ್ಕಗಳ ಹಿಂದೆ ನಿಮ್ಮ ಸಣ್ಣ ಲೆಕ್ಕ ಮರೆಯಾಗಲು ಬಿಡುವುದಿಲ್ಲ. ಚೀಟಿ ಎತ್ತಿಸುತ್ತೇನೆ ಅಂದಿರಿ. ಯಾರೂ ನಿಮ್ಮ ಕುತ್ತಿಗೆ ಹಿಡಿದು ಅನ್ನಿಸಿರಲಿಲ್ಲ. ಚಪ್ಪಾಳೆ ಬೇಕಿತ್ತು, ತೆಗೆದುಕೊಂಡಿರಿ.

ಈಗ ಮಾಡಬೇಕಾದದ್ದು ಇಷ್ಟು. ಪ್ರತಿ ವರ್ಷ ಮೊದಲ ವಾರದಲ್ಲೇ ಬಿಟ್ಟುಹೋಗುವ ಮಕ್ಕಳಿರುತ್ತಾರೆ. ಆ ಖಾಲಿ ಜಾಗಗಳಿಗೆ ಹೊಸದಾಗಿ ಅರ್ಜಿ ಕರೆಯಿರಿ, ಹಗಲು ಹೊತ್ತಿನಲ್ಲಿ, ಕಾಗದದ ಮೇಲೂ. ಚೀಟಿ ಎತ್ತಿಸಿ. ಈ ವರ್ಷ ಸೇರಿದ ಮಕ್ಕಳ ಹೆಸರು ನನಗೆ ಬೇಡ, ಅರ್ಜಿ ಬಂದ ಹೊತ್ತು ಮತ್ತು ಶಿಫಾರಸು ಮಾಡಿದವರ ಹೆಸರು ಫಲಕಕ್ಕೆ ಹಾಕಿ. ಮುಂದಿನ ವರ್ಷದ ದಿನಾಂಕವನ್ನು ಈಗಲೇ ಬರೆದು, ಕಡತದಲ್ಲಿಟ್ಟು, ಸಹಿ ಮಾಡಿ.

ಆ ಹಿಂಬರಹದ ವಿರುದ್ಧ ಪ್ರಥಮ ಮೇಲ್ಮನವಿ ಸಿದ್ಧವಾಗಿದೆ. ಯಾರಿಗೆ ಸಲ್ಲಿಸಬೇಕೆಂದು ನಿಮ್ಮ ಕಚೇರಿಯ ಬಾಗಿಲಿನ ಬೋರ್ಡು ನೋಡಿದೆ. ಮೇಲ್ಮನವಿ ಪ್ರಾಧಿಕಾರಿ ಎಂದು ನಿಮ್ಮದೇ ಹೆಸರಿದೆ. ಸೋಮವಾರ ತಂದು ಕೊಡುತ್ತೇನೆ, ವಿಚಾರಣೆಯ ದಿನ ಗೊತ್ತುಮಾಡಿ. ಸಮಾರೋಪದ ವಿಡಿಯೊ ನಿಮ್ಮ ಸಂಸ್ಥೆಯ ಫೇಸ್‌ಬುಕ್ ಪುಟದಲ್ಲಿ ಇನ್ನೂ ಇದೆ. ತೆಗೆದುಹಾಕಿದರೂ ಚಿಂತೆಯಿಲ್ಲ, ಮೊಮ್ಮಗಳು ಇಳಿಸಿಟ್ಟುಕೊಂಡಿದ್ದಾಳೆ.

ಇಂತಿ,
ನಿವೃತ್ತ ಶಿರಸ್ತೇದಾರಳೊಬ್ಬಳು